ಬ್ರಿಟನ್ನಿನ ರೇಡಿಯೋ ರೆಂಟಲ್ಸ್ ಅಷ್ಟು ದೊಡ್ಡದಾಗಿ ಬೆಳೆದು ಆಮೇಲೆ ಕುಸಿದದ್ದು ಏಕೆ?

ಟಿವಿ ದುಬಾರಿಯಾಗಿದ್ದು ಪದೇ ಪದೇ ಕೆಡುತ್ತಿದ್ದಷ್ಟು ಕಾಲ, ಟಿವಿ ಬಾಡಿಗೆಗೆ ಕೊಡುತ್ತಿದ್ದ ಈ ಕಂಪನಿ ಬೆಳೆಯಿತು. ಟಿವಿ ಅಗ್ಗವಾಗಿ, ಕೆಡುವುದೂ ಕಡಿಮೆಯಾದಾಗ ಕುಸಿಯಿತು.

1930ರಲ್ಲಿ ಬ್ರೈಟನ್‌ನಲ್ಲಿ ರೇಡಿಯೋ ಬಾಡಿಗೆಗೆ ಕೊಡಲು ಶುರುವಾದ ಕಂಪನಿ ಇದು; ಟಿವಿ ಆಮೇಲೆ ಬಂತು. ಜನ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದದ್ದು ಪೆಟ್ಟಿಗೆಗಿಂತ ಹೆಚ್ಚಾಗಿ ರಿಪೇರಿಗೆ. ಆಗಿನ ಟಿವಿಯ ಹಿಂದಿನ ಮುಚ್ಚಳ ತೆಗೆದರೆ ಸಾಲಾಗಿ ವಾಲ್ವ್‌ಗಳು, ಅಂದರೆ ಬಲ್ಬಿನಂತೆ ಕಾದು ಬೆಳಗುವ ಗಾಜಿನ ಕೊಳವೆಗಳು. ಬಲ್ಬಿನಂತೆಯೇ ಒಂದೊಂದಾಗಿ ಕೈಕೊಡುತ್ತಿದ್ದವು. ಬಾಡಿಗೆ ಸೆಟ್ಟಾದರೆ ಕಂಪನಿಯವನೇ ಮನೆಗೆ ಬಂದು, ಕೆಟ್ಟ ವಾಲ್ವ್ ಕಿತ್ತು ಹೊಸದು ಹಾಕಿ ಹೋಗುತ್ತಿದ್ದ, ಬೇರೆ ಖರ್ಚಿಲ್ಲ. 1967ರಲ್ಲಿ ಕಲರ್ ಪ್ರಸಾರ ಬಂದಾಗ ಸೆಟ್ಟಿನ ಬೆಲೆ ಸುಮಾರು 300 ಪೌಂಡ್, ಕೆಲಸಗಾರನ ಮೂರು ತಿಂಗಳ ಸಂಬಳ ಅನ್ನಿ. ಯಾರು ತಾನೇ ಕೊಳ್ಳುವ ಧೈರ್ಯ ಮಾಡಿಯಾರು? ಮರುವರ್ಷವೇ ಥಾರ್ನ್ ಎಂಬ ದೊಡ್ಡ ಟಿವಿ ತಯಾರಕ ಕಂಪನಿ ಇದನ್ನು ಕೊಂಡುಕೊಂಡಿತು.

ವಾಲ್ವ್ ಹೋಗಿ ಟ್ರಾನ್ಸಿಸ್ಟರ್, ಚಿಪ್ ಬಂದವು. ಬೆಲೆ ಇಳಿದದ್ದು ಪೆಟ್ಟು ಕೊಟ್ಟದ್ದು ನಿಜ, ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಪೆಟ್ಟು ಸೆಟ್ಟು ವರ್ಷಗಟ್ಟಲೆ ಕೆಡದೆ ನಡೆದದ್ದು. ರಿಪೇರಿಯೇ ಬೇಡವಾದ ಮೇಲೆ ಬಾಡಿಗೆ ಯಾತಕ್ಕೆ? ವಿಸಿಆರ್ (ವಿಡಿಯೋ ಟೇಪ್ ಹಾಕಿ ನೋಡುವ, ರೆಕಾರ್ಡ್ ಮಾಡುವ ಯಂತ್ರ) ಬಂದಾಗ ಅದೂ ದುಬಾರಿಯಾಗಿದ್ದರಿಂದ ವ್ಯಾಪಾರ ಇನ್ನೊಂದಷ್ಟು ವರ್ಷ ಉಸಿರಾಡಿತು. 2000ದಲ್ಲಿ ಪ್ರತಿಸ್ಪರ್ಧಿ ಗ್ರಾನಡಾದ ಬಾಡಿಗೆ ವ್ಯವಹಾರದೊಂದಿಗೆ ಸೇರಿ ಬಾಕ್ಸ್‌ಕ್ಲೆವರ್ ಆಯಿತು. ಮುಂದೆ ಬರುವ ಬಾಡಿಗೆಯನ್ನೇ ನಂಬಿ ಈ ಹೊಸ ಕಂಪನಿಯ ಮೇಲೆ ಭಾರಿ ಸಾಲ ಹೊರಿಸಿದ್ದರು. ಗ್ರಾಹಕರು ಬಿಟ್ಟು ಹೋಗುತ್ತಲೇ ಇದ್ದರು. 2003ರಲ್ಲಿ ಅದು ಸಾಲ ಕೊಟ್ಟವರ ಕೈಸೇರಿತು.