ಎಕ್ಸ್-ರೇ ಲೇಸರ್‌ನಲ್ಲಿ ಕಿರಣ ಬಾಗುವುದು ಯಾಕೆ?

ಪ್ರಶ್ನೆ: ಸರ್, ನಮಸ್ಕಾರ. ನಾನು ಬಿ.ಎಸ್‌ಸಿ ಓದುತ್ತಿದ್ದೇನೆ. ಲೇಸರ್ ಅಂದರೆ ಎರಡು ಕನ್ನಡಿ, ನಡುವೆ ಬೆಳಕು ಹೆಚ್ಚಿಸುವ ಮಾಧ್ಯಮ ಎಂದು ನಮಗೆ ಪಾಠವಿದೆ. ಎಕ್ಸ್-ರೇ ಲೇಸರ್‌ಗೆ ಕನ್ನಡಿ ಬೇಡವಂತೆ. ಹಾಗಾದರೆ ಮಾಧ್ಯಮವನ್ನು ಉದ್ದ ಮಾಡುತ್ತಾ ಹೋದರೆ ಸಾಕಲ್ವಾ?
– ಬಸಮ್ಮ, ಶಹಾಪುರ

ಉತ್ತರ: ಸಾಕಾಗುವುದಿಲ್ಲ ತಂಗಿ. ನಿನ್ನ ಕೊನೆಯ ಸಾಲಿನಲ್ಲೇ ಇಡೀ ಕಷ್ಟ ಅಡಗಿದೆ.

ಮೊದಲು ಕನ್ನಡಿಯ ಮಾತು ಮುಗಿಸೋಣ. ಇಲ್ಲಿ ಮಾಧ್ಯಮವೆಂದರೆ ಪ್ಲಾಸ್ಮಾ, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಬೇರ್ಪಟ್ಟಿರುವ ಬಿಸಿ ಅನಿಲ. ದೊಡ್ಡ ಲೇಸರ್‌ನ ಬೆಳಕನ್ನು ಕೂದಲೆಳೆಯಂಥ ಗೆರೆಯಾಗಿ ಲೋಹದ ಮೇಲೆ ಬಿಟ್ಟಾಗ ಅದು ಹುಟ್ಟುತ್ತದೆ. ಬೆಳಕು ಹೆಚ್ಚಿಸುವ ಶಕ್ತಿ ಅದರಲ್ಲಿ ಕೆಲವು ಬಗೆಯ ಲೇಸರ್‌ಗಳಲ್ಲಿ ಕೆಲವೇ ಪಿಕೋಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಉಳಿಯುತ್ತದೆ. ಒಂದು ಪಿಕೋಸೆಕೆಂಡಿನಲ್ಲಿ ಬೆಳಕು ಸಾಗುವುದು 0.3 ಮಿಲಿಮೀಟರ್. ಕನ್ನಡಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಆಟ ಮುಗಿದಿರುತ್ತದೆ. ಹಾಗಾಗಿ ಒಂದೇ ಓಟದಲ್ಲಿ ಕೆಲಸ ಆಗಬೇಕು.

ಆ ಓಟದಲ್ಲೇ ತೊಂದರೆ. ಶಹಾಪುರದಿಂದ ಜೇವರ್ಗಿ ಮೇಲೆ ಕಲಬುರಗಿಗೆ ಬರುವಾಗ ಏಪ್ರಿಲ್ ಮಧ್ಯಾಹ್ನ ಡಾಂಬರು ರಸ್ತೆ ಮೇಲೆ ನೀರು ನಿಂತ ಹಾಗೆ ಬಿಸಿಲುಗುದುರೆ ಕಾಣುತ್ತದಲ್ಲ? ರಸ್ತೆಗೆ ಹತ್ತಿದ ಗಾಳಿ ಕಾದು ತೆಳುವಾಗಿರುತ್ತದೆ. ಅಲ್ಲಿ ರಿಫ್ರ್ಯಾಕ್ಟಿವ್ ಇಂಡೆಕ್ಸ್ (ವಕ್ರೀಭವನ ಸೂಚ್ಯಂಕ) ಕಮ್ಮಿ. ಬೆಳಕು ಬಾಗುವುದು ಇಂಡೆಕ್ಸ್ ಹೆಚ್ಚಿರುವ ಕಡೆಗೆ. ಆದ್ದರಿಂದ ಆಕಾಶದ ಬೆಳಕು ರಸ್ತೆಯಿಂದ ದೂರಕ್ಕೆ, ಮೇಲಕ್ಕೆ ಬಾಗಿ ನಮ್ಮ ಕಣ್ಣಿಗೆ ಬೀಳುತ್ತದೆ. ಪ್ಲಾಸ್ಮಾದಲ್ಲೂ ಬಾಗುವುದು ಹೀಗೇ, ಕಾರಣ ಮಾತ್ರ ತಲೆಕೆಳಗು. ಲೋಹದ ಹತ್ತಿರ ಎಲೆಕ್ಟ್ರಾನ್‌ಗಳು ದಟ್ಟವಾಗಿರುತ್ತವೆ, ದೂರ ಹೋದಂತೆ ವಿರಳ. ಎಲೆಕ್ಟ್ರಾನ್ ದಟ್ಟವಾದಷ್ಟೂ ಇಂಡೆಕ್ಸ್ 1ಕ್ಕಿಂತ ಕೆಳಗಿಳಿಯುತ್ತದೆ. ಹಾಗಾಗಿ ಕಿರಣ ಲೋಹವನ್ನು ಬಿಟ್ಟು ಹೊರಗಡೆಗೆ ಬಾಗುತ್ತದೆ.

ಎಷ್ಟು ಬಾಗುತ್ತದೆ ಅಂತ ಲೆಕ್ಕ ಹಾಕಿ ನೋಡು. 20 ನ್ಯಾನೋಮೀಟರ್ ಅಲೆಯುದ್ದದ ಕಿರಣಕ್ಕೆ ಇಂಡೆಕ್ಸ್ 1ಕ್ಕಿಂತ ಇಳಿಯುವುದು ಹತ್ತು ಸಾವಿರದಲ್ಲಿ ಒಂದು ಪಾಲಿನ ಸುತ್ತಮುತ್ತ. ಇಷ್ಟೇನಾ ಅನಿಸುತ್ತದೆ. ಆದರೆ ಬೆಳಕು ಹೆಚ್ಚುವ ಜಾಗದ ಅಗಲವೇ ಸುಮಾರು 0.1 ಮಿಲಿಮೀಟರ್. ಒಂದು ಸೆಂಟಿಮೀಟರ್ ದಾಟುವಷ್ಟರಲ್ಲಿ ಕಿರಣ ಅಷ್ಟು ಸರಿದೇ ಬಿಡುತ್ತದೆ. ಆಮೇಲೆ ಪ್ಲಾಸ್ಮಾ ಎಷ್ಟು ಉದ್ದ ಇದ್ದರೇನು, ಕಿರಣ ಅದರೊಳಗೆ ಇಲ್ಲವೇ ಇಲ್ಲ.

ಇದಕ್ಕೆ 1984ರಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ. ಅವರು ಗಟ್ಟಿ ತಗಡು ಇಡಲಿಲ್ಲ. ಪ್ಲಾಸ್ಟಿಕ್ ಪೊರೆಯ ಮೇಲೆ 75 ನ್ಯಾನೋಮೀಟರ್ ದಪ್ಪಕ್ಕೆ ಸೆಲೆನಿಯಂ ಲೇಪಿಸಿದರು. ಲೇಸರ್ ಬಿದ್ದ ಕೂಡಲೇ ಪೊರೆ ಪೂರ್ತಿ ಸಿಡಿದು ಎರಡೂ ಕಡೆ ಹರಡುತ್ತದೆ, ನಡುವಿನಲ್ಲಿ ದಟ್ಟಣೆ ಹೆಚ್ಚುಕಮ್ಮಿ ಸಮ ಇರುತ್ತದೆ. ಏರಿಳಿತ ಕಮ್ಮಿಯಾದರೆ ಬಾಗುವುದೂ ಕಮ್ಮಿ. 20.63 ಮತ್ತು 20.96 ನ್ಯಾನೋಮೀಟರ್ ಅಲೆಯುದ್ದದ ಕಿರಣಗಳು ಹಾಗೆ ಹೆಚ್ಚಿಕೊಂಡು ಬಂದವು.

ಬೇರೆ ಉಪಾಯಗಳೂ ಇವೆ. ಮೊದಲು ಲೇಸರ್‌ನ ಒಂದು ಸಣ್ಣ ಪಲ್ಸ್ (ಕ್ಷಣಿಕ ಮಿಡಿತ) ಕಳಿಸಿ, ಪ್ಲಾಸ್ಮಾ ಹರಡಿಕೊಂಡ ಮೇಲೆ ದೊಡ್ಡದನ್ನು ಕಳಿಸುತ್ತಾರೆ. ಇಲ್ಲವೇ ಲೋಹವನ್ನೇ ಕಿರಣದ ಬಾಗಿಗೆ ತಕ್ಕಂತೆ ಒಳಬಾಗಿಸುತ್ತಾರೆ.

1994ರಲ್ಲಿ ಕೊಲರಾಡೋದ ಹೋರ್ಹೆ ರೊಕ್ಕಾ ತಂಡ ಸಣ್ಣ ಕೊಳವೆಯಲ್ಲಿ ಆರ್ಗಾನ್ ತುಂಬಿ, ವಿದ್ಯುತ್ ಹರಿಸಿ 46.9 ನ್ಯಾನೋಮೀಟರ್ ಲೇಸರ್ ಮಾಡಿತು. ಅಲ್ಲಿ ಪ್ಲಾಸ್ಮಾ ನಟ್ಟನಡುವೆ ದಟ್ಟ. ಕಿರಣ ಸುತ್ತಲೂ ಹೊರಕ್ಕೆ ಬಾಗುವುದರಿಂದ, ಆ ಬಗೆಯ ಲೇಸರ್‌ನ ಬೆಳಕು ದೂರದಲ್ಲಿ ಬಳೆಯ ಆಕಾರದಲ್ಲಿ ಬೀಳುವುದುಂಟು. ಬಾಗುವುದಕ್ಕೆ ಕಣ್ಣಾರೆ ಕಾಣುವ ಪುರಾವೆ ಅದು.

ಸ್ಟ್ಯಾನ್‌ಫರ್ಡ್‌ನಲ್ಲಿ 2009ರಿಂದ ನಡೆಯುವ ಎಕ್ಸ್-ರೇ ಲೇಸರ್ ಬೇರೆ ಜಾತಿಯದು. ಅಲ್ಲಿ ಮಾಧ್ಯಮ ಎಂದರೆ ನಿರ್ವಾತದಲ್ಲಿ ಓಡುವ ಎಲೆಕ್ಟ್ರಾನ್ ಕಟ್ಟು. ಬೆಳಕು ಹೆಚ್ಚುವುದು ಆ ಕಟ್ಟಿನೊಳಗೆ ಮಾತ್ರ. ಹಾಗಾಗಿ ಕಿರಣ ಹರಡಲು ಹೋದರೂ ಜೋರಾದ ಭಾಗ ಕಟ್ಟಿನ ಜೊತೆಗೇ ಉಳಿಯುತ್ತದೆ.

ಪ್ರಶ್ನೆ: ಇಂದೋರ್‌ನ ಇಂಡಸ್-2 ಕೂಡ ಎಕ್ಸ್-ರೇ ಲೇಸರ್ ಏನ್ರಿ?
– ಶಿವಕುಮಾರ, ಹುಮನಾಬಾದ್

ಉತ್ತರ: ಅಲ್ಲ. ಅದು ಸಿಂಕ್ರೊಟ್ರಾನ್. 2.5 ಜಿಇವಿ (ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್‌ನ ಅಳತೆ) ಶಕ್ತಿಯ ಎಲೆಕ್ಟ್ರಾನ್‌ಗಳು ಸುತ್ತು ಹಾಕುತ್ತಾ ಎಕ್ಸ್-ರೇ ಸೂಸುತ್ತವೆ. ಅಲ್ಲಿ ಕಿರಣ ತಾನಾಗಿ ಹೆಚ್ಚಿಕೊಳ್ಳುವುದಿಲ್ಲ.