ಸಮೀಕ್ಷೆ ತಪ್ಪಾದರೆ ಮತದಾರ ಚಂಚಲನೇ?

ಸಾಗರದ ಓದುಗರೊಬ್ಬರು ಬರೆದಿದ್ದಾರೆ: “ಅಮೆರಿಕದ ಪಕ್ಷಗಳು ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಬಗೆ ಕುರಿತ ನಿಮ್ಮ ಲೇಖನ ಓದಿದೆ. 2008ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ಒಬಾಮ, ಹಿಲರಿ ಕ್ಲಿಂಟನ್ ಸೆಣಸಿದಾಗ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಬಾಮ ಗೆಲ್ಲುತ್ತಾರೆಂದು ಸಮೀಕ್ಷೆಗಳು ಹೇಳಿದ್ದವು. ಹಿಲರಿ ಕಣ್ಣಲ್ಲಿ ನೀರು ತಂದುಕೊಂಡರು, ಜನ ಕರಗಿ ಗೆಲ್ಲಿಸಿಬಿಟ್ಟರು. ಇಂಥ ಚಂಚಲರನ್ನು ನಂಬುವುದು ಹೇಗೆ?” ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಸಮೀಕ್ಷೆ ಮಾಡುವವರೆಲ್ಲ ಮೋಸಗಾರರಲ್ಲ, ಅದನ್ನು ಒಪ್ಪುತ್ತೇನೆ. ಲೆಕ್ಕ ಬಲ್ಲವರು, ಕಷ್ಟಪಟ್ಟು ಕೆಲಸ ಮಾಡುವವರು ಅಲ್ಲೂ ಇದ್ದಾರೆ. ಆದರೆ ಅವರ ಲೆಕ್ಕ ತಪ್ಪಿದ್ದಕ್ಕೆ ಮತದಾರನನ್ನು ಕಟಕಟೆಗೆ ಹತ್ತಿಸುತ್ತೀರಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ.

ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಒಂದೊಂದು ರಾಜ್ಯದಲ್ಲೂ ಮತದಾನ ನಡೆಯುತ್ತದೆ. ಆ ಜನವರಿ 3ರಂದು ಅಯೋವಾ ರಾಜ್ಯದಲ್ಲಿ ಒಬಾಮ ಗೆದ್ದರು, ಹಿಲರಿ ಮೂರನೆಯವರಾದರು. ನ್ಯೂ ಹ್ಯಾಂಪ್‌ಶೈರ್ ಮತದಾನಕ್ಕೆ ಉಳಿದದ್ದು ಐದೇ ದಿನ. ಸಮೀಕ್ಷೆಗಳ ಸರಾಸರಿಯಲ್ಲಿ ಒಬಾಮ ಸುಮಾರು ಎಂಟು ಅಂಶ ಮುಂದಿದ್ದರು. 8ರ ರಾತ್ರಿ ಹಿಲರಿಗೆ ಶೇ 39, ಒಬಾಮಗೆ ಶೇ 36ಕ್ಕೆ ತುಸು ಹೆಚ್ಚು. ಕಣ್ಣೀರಿನ ಕಥೆ ಹುಟ್ಟಿದ್ದು ಹಿಂದಿನ ದಿನ, ಪೋರ್ಟ್ಸ್‌ಮತ್‌ನ ಕಾಫಿ ಅಂಗಡಿಯಲ್ಲಿ. ದಿನವೂ ಇದನ್ನೆಲ್ಲ ಹೇಗೆ ನಿಭಾಯಿಸುತ್ತೀರಿ ಎಂದು ಮಹಿಳೆಯೊಬ್ಬರು ಕೇಳಿದಾಗ ಹಿಲರಿಯ ಗಂಟಲು ಕಟ್ಟಿತು. ಹಾಗೆ ಕೇಳಿದ ಮಹಿಳೆಯೇ ಮರುದಿನ ಮತ ಹಾಕಿದ್ದು ಒಬಾಮಗೆ! ಎದುರಿಗೇ ಕೂತು ಕಂಡವರೇ ಕಣ್ಣೀರಿಗೆ ಮತ ಕೊಡಲಿಲ್ಲ. ಹಾಗಿರುವಾಗ ಇಡೀ ರಾಜ್ಯ ಕಣ್ಣೀರಿಗೆ ಕರಗಿತು ಎನ್ನುವುದು ಯಾವ ನ್ಯಾಯ?

ಆಮೇಲೆ ಅಮೆರಿಕದ ಸಮೀಕ್ಷಕರ ಸಂಘವೇ ಸಮಿತಿ ಕೂರಿಸಿ ಪರಿಶೀಲಿಸಿತು. ಕೆಲವು ಸಮೀಕ್ಷಕರು ಮತದಾನಕ್ಕೆ ಮುಂಚೆ ಬೇಗನೆ ಫೋನ್ ಮಾಡುವುದನ್ನು ನಿಲ್ಲಿಸಿದ್ದರು, ಸುಲಭಕ್ಕೆ ಕೈಗೆ ಸಿಗದ ಜನರ ಒಲವು ಬೇರೆಯೇ ಇತ್ತು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಯಾವ ಪಕ್ಷಕ್ಕೂ ಹೆಸರು ನೋಂದಾಯಿಸದವರು ಎರಡರಲ್ಲಿ ಯಾವ ಪಕ್ಷದ ಆಯ್ಕೆಯಲ್ಲಾದರೂ ಭಾಗವಹಿಸಬಹುದು. ಯಾವ ಮತಪತ್ರ ಎಂದು ಮತಗಟ್ಟೆಯಲ್ಲೇ ಹೇಳಿದರೆ ಸಾಕು. ಇಷ್ಟು ಸ್ವಾತಂತ್ರ್ಯವಿರುವ ಮನುಷ್ಯ ಭಾನುವಾರವೇ ಫೋನಿನಲ್ಲಿ ಮಾತು ಕೊಟ್ಟಿರಬೇಕೆಂದರೆ ಹೇಗೆ?

ಪೈಪೋಟಿ ಬಿಗಿಯಾದಷ್ಟೂ ಈ ಅಂಕಿಗಳ ಬೆಲೆ ಇಳಿಯುತ್ತದೆ. 2012ರಲ್ಲಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಆಯ್ಕೆಯ ಹೊತ್ತಿಗೆ ಅಯೋವಾದ ದೊಡ್ಡ ಪತ್ರಿಕೆಯ ಕೊನೆಯ ಸಮೀಕ್ಷೆ ರಿಕ್ ಸ್ಯಾಂಟೋರಮ್ ಅವರಿಗೆ ಶೇ 15 ಕೊಟ್ಟು ಮೂರನೆಯ ಸ್ಥಾನದಲ್ಲಿ ಕೂರಿಸಿತ್ತು. ಆ ರಾತ್ರಿ ಮಿಟ್ ರೋಮ್ನಿ 8 ಮತಗಳಿಂದ ಗೆದ್ದರು ಎಂದರು. ಎರಡು ವಾರದ ಮೇಲೆ ಲೆಕ್ಕ ತಿದ್ದಿದಾಗ ಸ್ಯಾಂಟೋರಮ್ 34 ಮತ ಮುಂದಿದ್ದರು. ನಮ್ಮಲ್ಲೂ 2023ರಲ್ಲಿ ಹಲವು ಮತಗಟ್ಟೆ ಸಮೀಕ್ಷೆಗಳು ಅತಂತ್ರ ವಿಧಾನಸಭೆ ಎಂದವು. ಕಾಂಗ್ರೆಸ್ಸಿಗೆ ಬಂದದ್ದು 135.

1998ರ ಫೆಬ್ರವರಿಯಲ್ಲಿ ಲೋಕಸಭಾ ಚುನಾವಣೆಯ ವರದಿಗೆಂದು ತುರುವೇಕೆರೆ ಕಡೆ ಹೋಗಿದ್ದೆ. ಜಗಲಿಯಲ್ಲಿ ಅಜ್ಜಿಯೊಬ್ಬರು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು, ಬೆರಳೆಲ್ಲ ಅಂಟು. ಯಾರಿಗೆ ಓಟು ಅಜ್ಜಿ ಎಂದೆ. “ಕೇಳ್ದೋರಿಗೆಲ್ಲ ಹೇಳಾಕೆ ಅದೇನು ಸಾರಿಗೆ ಉಪ್ಪು ಕಮ್ಮಿ ಅನ್ನೋ ಮಾತಾ ಮಗ?” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಬೋರ್‌ವೆಲ್ ಕೆಟ್ಟು ಆರು ತಿಂಗ್ಳಾತು, ಅದನ್ನ ಯಾಕೆ ಯಾರೂ ಕೇಳಲ್ಲ?” ಎಂದರು. ನಾನೂ ಕೇಳಿರಲಿಲ್ಲ. ಪುಸ್ತಕದಲ್ಲಿ ಅವರನ್ನು ‘ಇನ್ನೂ ನಿರ್ಧರಿಸಿಲ್ಲ’ ಎಂಬ ಸಾಲಿಗೆ ಸೇರಿಸಿ ಬಂದಿದ್ದೆ. ಆ ತಪ್ಪು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಈಗ ಟೀವಿಯಲ್ಲಿ ಸಂಜೆ ಆರರಿಂದ ಹತ್ತರವರೆಗೆ ಯಾರು ಮುಂದೆ, ಯಾರು ಹಿಂದೆ ಎಂಬುದೇ ಮಾತು. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ನಿಮ್ಮ ಸಾಗರದ ತೋಟಗಳು ಒಣಗಿದವಲ್ಲ, ಅದಕ್ಕೆ ಅಭ್ಯರ್ಥಿಗಳು ಏನು ಮಾಡುತ್ತಾರೆಂದು ಎಷ್ಟು ಜನ ನಿರೂಪಕರು ಕೇಳಿದರು? ಜನರ ಕಷ್ಟ ಕೇಳಲು ಪುರುಸೊತ್ತಿಲ್ಲದವರು ಜನರ ಮನಸ್ಸು ಓದಿದ್ದೇವೆ ಎನ್ನುತ್ತಾರೆ.

ಇನ್ನು ಆ ಕೊನೆಯ ಸಾಲು. “ನಮ್ಮಮ್ಮ ಯಾರಿಗೆ ಮತ ಹಾಕುತ್ತಿದ್ದರೆಂದು ಅಪ್ಪನಿಗೂ ಹೇಳಲಿಲ್ಲ” ಎಂದು ಬರೆದಿದ್ದೀರಿ. ಸ್ವಾಮಿ, ಪತ್ರ ಅಲ್ಲಿಂದ ಶುರುವಾಗಬೇಕಿತ್ತು. ಅವರ ಬಗ್ಗೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಎರಡು ಪುಟ ತೆಗೆದಿಟ್ಟಿರುತ್ತೇನೆ.

— ಸಂಪಾದಕ