ಪರಿಹಾರ ಬಂದ ಮೇಲೂ ಕಾಗದ ಹಿಡಿದು ಅಲೆಯುವುದೇಕೆ?

ಮೊನ್ನೆ ಫೋನಿನಲ್ಲಿ ನೀವು ಕೇಳಿದಿರಿ: "ಎಂಡೋಸಲ್ಫಾನ್ ನಿಷೇಧವಾಯಿತು, ಪರಿಹಾರವೂ ಬಂತು, ಇನ್ನೇನು ನಿಮ್ಮ ಅಲೆದಾಟ?" ಕೇರಳದ ಕಾಸರಗೋಡಿನ ನಮ್ಮ ಎಣ್ಮಕಜೆ ಪಂಚಾಯತಿನವರು ಯಾರೂ ಕೇಳದ ಪ್ರಶ್ನೆ ಇದು, ಬೆಂಗಳೂರಿನವರಾದ ನಿಮಗಾಗಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಸರ್ಕಾರಿ ಸ್ವಾಮ್ಯದ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟರು. ಅಂದು ಬಾವಿಗಳನ್ನು ಮುಚ್ಚಿಡಿ ಎನ್ನುತ್ತಿದ್ದರು. ಆದರೆ ನಮ್ಮದು ಸುರಂಗದ ನೀರು. ಗುಡ್ಡದೊಳಗಿನಿಂದ ಒಸರಿ, ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು, ತೋಟದ ಕೆರೆಗೆ ಬೀಳುವ ನೀರನ್ನು ಎಲ್ಲಿಂದ ಎಲ್ಲಿಗೆ ಮುಚ್ಚುವುದು? ಗೇರು ಗುಡ್ಡದ ನೆತ್ತಿಯಲ್ಲಿತ್ತು, ನಮ್ಮ ಮನೆಗಳು ಬುಡದಲ್ಲಿದ್ದವು. ಇಲ್ಲಿ ರೋಗ ಹೆಚ್ಚಾಗಿರುವುದನ್ನು ಗುರುತಿಸಿದ ಡಾ. ವೈ.ಎಸ್. ಮೋಹನ್ ಕುಮಾರ್, ಪತ್ರಿಕೆಗಳಲ್ಲಿ ಬರೆದ ಶ್ರೀ ಪಡ್ರೆ, ಇಬ್ಬರೂ ಕನ್ನಡದವರೇ ಎಂಬುದು ನಮಗೆ ಅಭಿಮಾನದ ಸಂಗತಿ.

ಇನ್ನು ಹಣದ ವಿಚಾರ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಕೊನೆಯಲ್ಲೇ ಪರಿಹಾರಕ್ಕೆ ಶಿಫಾರಸು ಮಾಡಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದು 2022ರಲ್ಲಿ ಅದೇ ನ್ಯಾಯಾಲಯ ನೋಡಿದಾಗ, 3,704 ಮಂದಿಯಲ್ಲಿ ಹಣ ತಲುಪಿದ್ದು ಎಂಟೇ ಮಂದಿಗೆ. ಅವರೂ ನ್ಯಾಯಾಲಯದ ಬಾಗಿಲು ತಟ್ಟಿದವರು. ಆ ಬಳಿಕ ಹಂಚಿಕೆ ಚುರುಕಾಯಿತು, ನಿಜ. ಆದರೆ ಅದು ಸರ್ಕಾರದ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದ್ದವರಿಗೆ.

ನಮ್ಮ ತೊಡಕು ಆ ಹೆಸರಿನಲ್ಲೇ ಇದೆ. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಅದಕ್ಕೆ ಮೊದಲೂ ಆಮೇಲೂ ದೊಡ್ಡ ಕಾಯಿಲೆಗೆ ನಮ್ಮ ದಾರಿ ಮಂಗಳೂರೇ. ಹುಟ್ಟಿದಂದಿನಿಂದ ಹಾಸಿಗೆ ಬಿಡದ ನನ್ನ ದೊಡ್ಡಮ್ಮನ ಮಗನ ಆಸ್ಪತ್ರೆ ಚೀಟಿಗಳಲ್ಲಿ ಅವನ ಹೆಸರಿನ ಜೊತೆಗೆ ಅಪ್ಪನ ಇನಿಷಿಯಲ್ ಇದೆ, ಮಲಯಾಳದ ರೇಷನ್ ಕಾರ್ಡಿನಲ್ಲಿ ಮನೆಹೆಸರು ಇದೆ. ಇವರಿಬ್ಬರೂ ಒಬ್ಬನೇ ಎಂದು ತೋರಿಸಲು ‘ವನ್ ಆಂಡ್ ದ ಸೇಮ್’ ಸರ್ಟಿಫಿಕೇಟ್ ಬೇಕು. ಅದು ಸಿಗುವಷ್ಟರಲ್ಲಿ ವೈದ್ಯರ ಪತ್ರದ ಅವಧಿ ತೀರಿರುತ್ತದೆ, ಹೊಸದನ್ನು ತರಲು ಮತ್ತೆ ಆಂಬುಲೆನ್ಸ್ ಬಾಡಿಗೆ ಮಾಡಬೇಕು. ಗಡಿಯಾಚೆ, ಬೆಳ್ತಂಗಡಿಯ ಕೊಕ್ಕಡದ ಕಡೆ, ಇದೇ ವಿಷದಿಂದ ಬಳಲುವವರಿಗೆ ಕರ್ನಾಟಕ ಸರ್ಕಾರ ಅಂಗವೈಕಲ್ಯದ ಪ್ರಮಾಣ ನೋಡಿ ಮಾಸಾಶನ ಕೊಡುತ್ತದೆ. ಅಲ್ಲಿಯ ಕಷ್ಟ ಬೇರೆಯದೇ ಇದೆ, ಆದರೆ ಅವರ ಅರ್ಜಿ ಅವರು ಓದಬಲ್ಲ ಭಾಷೆಯಲ್ಲಿರುತ್ತದೆ.

ನೀವು ಕೇರಳದವರಾಗಿ ಮಲಯಾಳ ಕಲಿಯಬಾರದೇ ಎಂದೂ ಕೇಳಿದಿರಿ. ನನಗೆ ಬರುತ್ತದೆ, ಮಕ್ಕಳಿಗೂ ಬರುತ್ತದೆ. ದೊಡ್ಡಮ್ಮ ಹುಟ್ಟಿದಾಗ ಈ ಊರು ಮದರಾಸು ಪ್ರಾಂತ್ಯದಲ್ಲಿತ್ತು, ಅವರು ಕಲಿತದ್ದು ಕನ್ನಡ ಶಾಲೆಯಲ್ಲಿ. ಕಳೆದ ತಿಂಗಳು ಅರ್ಜಿಯ ಕೆಳಗೆ ದುಂಡಗಿನ ಅಕ್ಷರದಲ್ಲಿ ಕನ್ನಡದ ಸಹಿ ಹಾಕಿದರು. ಇದನ್ನು ಓದಲಾಗುವುದಿಲ್ಲ ಎಂದು ಕಚೇರಿಯ ಗುಮಾಸ್ತರು ಇಂಕಿನ ಪ್ಯಾಡ್ ಮುಂದೆ ತಳ್ಳಿದರು. ಅಕ್ಷರ ಬಲ್ಲ ದೊಡ್ಡಮ್ಮ ಹೆಬ್ಬೆಟ್ಟು ಒತ್ತಿ, ಸೆರಗಿನ ತುದಿಯಲ್ಲಿ ಬೆರಳು ಒರೆಸಿಕೊಂಡು ಹೊರಗೆ ಬಂದರು.